ಮುನ್ನೂರು ರೂಪಾಯಿ ರಾಡ್‌ನಲ್ಲಿ ಎಷ್ಟು ಮಸೆದರೂ ಚಾಕು ಮೊಂಡೇ. ಯಾರಾದ್ರೂ ಹೇಳಿ

ಟೊಮೆಟೊ_ವೈರಿ:
ಚಾಕು ಮಸೆಯುವ ರಾಡ್ ತರಿಸಿ ಒಂದು ವಾರವಾಯಿತು. ದಿನಾ ಉಜ್ಜುತ್ತಿದ್ದೇನೆ. ಶರ್ ಶರ್ ಅಂತ ಸದ್ದು ಜೋರಾಗಿ ಬರುತ್ತದೆ, ಅಷ್ಟೇ. ನಿನ್ನೆ ಟೊಮೆಟೊ ಮೇಲೆ ಚಾಕು ಒತ್ತಿದರೆ ಸಿಪ್ಪೆ ಹರಿಯಲಿಲ್ಲ. ಹಣ್ಣೇ ಚಪ್ಪಟೆಯಾಗಿ ಬೀಜ ಅಂಗಿಗೆ ಹಾರಿತು. ರಾಡೇ ಡೂಪ್ಲಿಕೇಟಾ?

ಇಪ್ಪತ್ತು_ಡಿಗ್ರಿ:
ಕೋನ ತಪ್ಪಿದೆ. ರಾಡನ್ನು ಗಾಳಿಯಲ್ಲಿ ಕತ್ತಿವರಸೆ ಥರ ಹಿಡಿಯಬೇಡಿ. ತುದಿಯನ್ನು ಒದ್ದೆ ಬಟ್ಟೆ ಮೇಲೆ ನೆಟ್ಟಗೆ ಊರಿ. ಚಾಕು ಪೂರ್ತಿ ಅಡ್ಡ ಹಿಡಿದರೆ 90 ಡಿಗ್ರಿ, ಅದರರ್ಧ 45, ಅದರರ್ಧ 22. ಅದಕ್ಕಿಂತ ಚೂರು ಕಡಿಮೆ. ಹಿಡಿಯ ಕಡೆಯಿಂದ ತುದಿವರೆಗೆ ಎಡಕ್ಕೊಂದು, ಬಲಕ್ಕೊಂದು ಎಳೆಯಿರಿ. ಒತ್ತಬೇಡಿ.

ಟೊಮೆಟೊ_ವೈರಿ:
ಹಾಗೇ ಮಾಡಿದೆ. ಏನೂ ಆಗಲಿಲ್ಲ.

ಇಪ್ಪತ್ತು_ಡಿಗ್ರಿ:
ಅಂಚಿಗೆ ಮಾರ್ಕರ್ ಪೆನ್ ಬಳಿದು ನಾಲ್ಕು ಸಲ ಎಳೆಯಿರಿ. ಮೇಲೆ ಅಳಿಸಿ ಅಂಚಲ್ಲಿ ಮಸಿ ಉಳಿದರೆ ಚಾಕುವನ್ನು ತೀರಾ ಮಲಗಿಸಿದ್ದೀರಿ ಅಂತ ಅರ್ಥ.

ಟೊಮೆಟೊ_ವೈರಿ:
ಅಂಚಲ್ಲೇ ಅಳಿಸಿದೆ.

ಇಪ್ಪತ್ತು_ಡಿಗ್ರಿ:
ಹಾಗಾದರೆ 18 ಡಿಗ್ರಿ ಮಾಡಿ ನೋಡಿ.

ಸಾಣೆಕಲ್ಲು:
ಡಿಗ್ರಿ ಸಾಕು ಸ್ವಾಮಿ. ರಾಡ್ ಯಾವುದು ಅಂತ ಒಬ್ಬರೂ ಕೇಳಲಿಲ್ಲವಲ್ಲ! ಗೀರು ಗೀರಿರುವ ಉಕ್ಕಾ, ಬಿಳಿ ಸೆರಾಮಿಕ್ಕಾ, ಡೈಮಂಡ್ ಪುಡಿ ಅಂಟಿಸಿದ್ದಾ?

ಟೊಮೆಟೊ_ವೈರಿ:
ಗೀರು ಇದೆ, ಉಕ್ಕು. ಅದನ್ನೂ ಹೇಳಬೇಕಿತ್ತಾ?

ಈಳಿಗೆಮಣೆ_ಸಂಘ:
ಈ ತಾಪತ್ರಯವೇ ಬೇಡ ಅಂತ ನಮ್ಮ ಮನೆಯಲ್ಲಿ ಅಜ್ಜಿ ಕಾಲದ ಈಳಿಗೆಮಣೆ ಇಟ್ಟುಕೊಂಡಿದ್ದೇವೆ. ನಿಮ್ಮ ಚಾಕುವಲ್ಲಿ ಹಲಸಿನಕಾಯಿ ಕೊಯ್ದು ತೋರಿಸಿ, ನೋಡೋಣ.

ಇಪ್ಪತ್ತು_ಡಿಗ್ರಿ:
ಇಲ್ಲಿ ಮಾತಾಡ್ತಿರೋದು ರಾಡ್ ಬಗ್ಗೆ.

ಈಳಿಗೆಮಣೆ_ಸಂಘ:
ನೀವು ಮಾತಾಡ್ತಿರೋದು ಡಿಗ್ರಿ ಬಗ್ಗೆ ಮಾತ್ರ.

ಸಾಣೆಕಲ್ಲು:
ಉಕ್ಕಿನ ರಾಡ್ ಮಡಚಿದ ಅಂಚನ್ನು ನೆಟ್ಟಗೆ ಮಾಡುತ್ತದೆ. ಅಂಚು ಸವೆದೇ ಹೋಗಿದ್ದರೆ ಹೊಸದಾಗಿ ಹುಟ್ಟಿಸುವುದಿಲ್ಲ. ಅಂದ ಹಾಗೆ, ತರಕಾರಿ ಹೆಚ್ಚೋದು ಯಾವುದರ ಮೇಲೆ?

ಟೊಮೆಟೊ_ವೈರಿ:
ಅಡುಗೆಕಟ್ಟೆ ಮೇಲೇ. ಗ್ರಾನೈಟ್. ಒರೆಸೋಕೆ ಸುಲಭ ಅಲ್ವಾ.

ಸಾಣೆಕಲ್ಲು:
ಶಿವನೇ! ಮೂಲ ಇಲ್ಲೇ ಇದೆ. ಗ್ರಾನೈಟ್‌ನಲ್ಲಿರುವ ಬೆಣಚುಕಲ್ಲು ಚಾಕುವಿನ ಉಕ್ಕಿಗಿಂತ ಗಟ್ಟಿ. ಬೆಳಗ್ಗೆ ಮಸೆದದ್ದು ಮಧ್ಯಾಹ್ನದ ಹುಳಿಗೆ ಹೆಚ್ಚುವಷ್ಟರಲ್ಲಿ ಹೋಗಿರುತ್ತದೆ. ಮರದ ಮಣೆ ತನ್ನಿ. ಆಮೇಲೆ 1000 ಗ್ರಿಟ್ ಕಲ್ಲಿನ ಮೇಲೆ ಮಸೆಯಿರಿ (ಗ್ರಿಟ್ ಅಂದರೆ ಕಲ್ಲು ಎಷ್ಟು ನುಣುಪು ಅನ್ನೋ ಅಳತೆ). ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಿದೆಯಲ್ಲ, ಅದರ ಮೇಲೆ. ಒಂದು ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಸಣ್ಣ ತರಿ ಏಳುತ್ತದೆ. ಬೆರಳನ್ನು ಅಂಚಿನಿಂದ ಆಚೆಗೆ ಸವರಿದರೆ ಗೊತ್ತಾಗುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಸವರಬೇಡಿ, ನನ್ನ ಹೆಬ್ಬೆರಳಲ್ಲಿ ಗುರುತಿದೆ. ತರಿ ಎದ್ದ ಮೇಲೆ ಬದಿ ಬದಲಿಸಿ. ಕೊನೆಗೆ ರಾಡ್, ಐದಾರು ಎಳೆತ ಸಾಕು.

ನೀಲಿ_ಉಕ್ಕು:
ನನ್ನದು ಜಪಾನ್ ಚಾಕು, ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 62. ಮೂರು ಕಲ್ಲು, ತೊಗಲಿನ ಪಟ್ಟಿ ಎಲ್ಲಾ ಇದೆ. ಇಂಥ ಗಟ್ಟಿ ಚಾಕುವನ್ನು ಗೀರಿನ ರಾಡಿಗೆ ಉಜ್ಜಿದರೆ ಅಂಚು ಚೂರು ಚೂರಾಗಿ ಏಳುತ್ತದೆ. ಫೋಟೊ ಹಾಕಲಾ?

ಈಳಿಗೆಮಣೆ_ಸಂಘ:
ಬೇಡ.

ಟೊಮೆಟೊ_ವೈರಿ:
ಕಪ್ಪಿನ ತಳದಲ್ಲಿ ಇಪ್ಪತ್ತು ನಿಮಿಷ ಮಸೆದೆ. ಟೊಮೆಟೊ ಸಿಪ್ಪೆ ಈಗ ಒತ್ತದೇ ಹರಿಯುತ್ತಿದೆ! ಆದರೆ ತುದಿಯ ಕಡೆ ಎರಡು ಇಂಚು ಇನ್ನೂ ಮೊಂಡು. ಯಾಕೆ?

ಇಪ್ಪತ್ತು_ಡಿಗ್ರಿ:
ತುದಿ ಬಳಿ ಅಲಗು ಬಾಗಿರುತ್ತದೆ. ಅಲ್ಲಿ ಹಿಡಿಯನ್ನು ಚೂರು ಎತ್ತಬೇಕು, ಇಲ್ಲದಿದ್ದರೆ ಕೋನ ತಪ್ಪುತ್ತದೆ. ಕೋನ. ನಾನು ಮೊದಲೇ ಹೇಳಿದ್ದೆ.