ಪ್ರೊಜೆಕ್ಟರ್ ಪಿಕ್ಚರ್ ಮೇಲೆ ಪಟ್ಟೆ ಹತ್ತುತ್ತೆ, ಫ್ಯಾನ್ ಹಾಕಿದ್ರೆ ಚುಕ್ಕಿ ಬರುತ್ತೆ, ಯಾರಿಗಾದ್ರೂ ಗೊತ್ತಾ?

ತುಮಕೂರ್ ಟಾಕೀಸ್:
ಎಲ್ರಿಗೂ ನಮಸ್ಕಾರ. ಮೇಲಿನ ರೂಮಲ್ಲಿ ಹೋಮ್ ಥಿಯೇಟರ್ ಮಾಡ್ಕೊಂಡಿದೀನಿ, ಪ್ರೊಜೆಕ್ಟರ್ ಹಳೇದು, ಸೀಲಿಂಗಿಗೆ ಹಾಕ್ಸಿದೀನಿ, ಅದಕ್ಕೆ ಪಕ್ಕದ ರೂಮಿನ ಬೋರ್ಡಿಂದ ಲೈನ್ ಎಳೆದು ಪ್ಲಗ್ ಪಾಯಿಂಟ್ ಕೊಟ್ಟಿದಾರೆ. ಕೆಳಗೆ ಸ್ಟ್ಯಾಂಡಲ್ಲಿ ಆಂಪ್ಲಿಫೈಯರ್, ಕೇಬಲ್ ಟಿವಿ ಸೆಟಪ್ ಬಾಕ್ಸ್. ಬಾಕ್ಸಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಪ್ರೊಜೆಕ್ಟರಿಗೆ ಹಳದಿ ಪಿನ್ನಿನ ಎವಿ ವೈರು, ಲ್ಯಾಪ್‌ಟಾಪಿಗೆ ಬೇರೆ ವಿಜಿಎ ಕೇಬಲ್. ಟಿವಿ ಹಾಕಿದಾಗ ಅಗಲವಾದ ಮಬ್ಬು ಪಟ್ಟೆ ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ಹತ್ತುತ್ತೆ, ಕ್ರಿಕೆಟ್ ನೋಡುವಾಗ ಹಸಿರು ಗ್ರೌಂಡ್ ಮೇಲಂತೂ ಎದ್ದು ಕಾಣುತ್ತೆ, ಸ್ಪೀಕರಲ್ಲೂ ಗುಂಯ್ ಅಂತ ಸೌಂಡು. ಲ್ಯಾಪ್‌ಟಾಪ್ ಹಾಕಿದ್ರೆ ಅದೇ ಪಟ್ಟೆ ಪಟಪಟ ಓಡುತ್ತೆ, ಆದ್ರೆ ಚಾರ್ಜರ್ ಕಿತ್ತು ಬ್ಯಾಟರಿಲಿ ನಡೆಸಿದ್ರೆ ಫುಲ್ ಕ್ಲೀನ್. ಇದು ಹೇಗೆ ಅಂತಾನೇ ಅರ್ಥ ಆಗ್ತಿಲ್ಲ. ಜೊತೆಗೆ ಫ್ಯಾನ್ ನಿಧಾನಕ್ಕೆ ಇಟ್ಟರೆ ಬಿಳಿ ಚುಕ್ಕಿಗಳ ಸಾಲು ಬೇರೆ. ಪ್ರೊಜೆಕ್ಟರೇ ಹೋಗಿದೆಯಾ?

ಸಿಗ್ನಲ್ ಸ್ವಾಮಿ:
ಪ್ರೊಜೆಕ್ಟರ್ ಚೆನ್ನಾಗೇ ಇದೆ ಸರ್, ಹೆದರ್ಬೇಡಿ. ಬ್ಯಾಟರಿಲಿ ಕ್ಲೀನ್ ಅಂದ್ರಲ್ಲ, ಅಲ್ಲೇ ಗೊತ್ತಾಯ್ತು, ಇದು ಗ್ರೌಂಡ್ ಲೂಪ್. ಪ್ರೊಜೆಕ್ಟರ್‌ಗೆ ಅರ್ತಿಂಗ್ ಒಂದು ಬೋರ್ಡಿಂದ, ಮೂರು ಪಿನ್ನಿನ ಚಾರ್ಜರ್‌ಗೆ ಇನ್ನೊಂದು ಬೋರ್ಡಿಂದ, ಎರಡರ ಮಧ್ಯೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತೆ, ವಿಜಿಎ ಕೇಬಲ್‌ನ ಶೀಲ್ಡ್, ಅಂದ್ರೆ ವೈರ್ ಸುತ್ತ ಇರೋ ಲೋಹದ ಹೊದಿಕೆ, ಇವೆರಡನ್ನೂ ಸೇರಿಸಿಬಿಡುತ್ತೆ, ಅದ್ರಲ್ಲಿ 50 ಹರ್ಟ್ಸ್ ಕರೆಂಟ್ ಹರಿದು ಪಿಕ್ಚರ್ ಸಿಗ್ನಲ್ ಜೊತೆ ಬೆರೆಯುತ್ತೆ. ಟಿವಿ ಸಿಗ್ನಲ್ಲೂ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತೆ, ಮನೆ ಕರೆಂಟೂ ಹೆಚ್ಚುಕಮ್ಮಿ 50 ಹರ್ಟ್ಸ್, ಆ ಚೂರೇ ಚೂರು ವ್ಯತ್ಯಾಸಕ್ಕೆ ಪಟ್ಟೆ ನಿಧಾನಕ್ಕೆ ಹತ್ತುತ್ತೆ. ಲ್ಯಾಪ್‌ಟಾಪ್ 60ರಲ್ಲಿ ಇರೋದ್ರಿಂದ ಓಡುತ್ತೆ. ಟಿವಿ ವಿಷಯದಲ್ಲಿ ನನಗೆ ಅನುಮಾನ ಕೇಬಲ್‌ನವರ ವೈರ್ ಮೇಲೆ, ಅದರ ಶೀಲ್ಡ್ ಹೊರಗೆ ಎಲ್ಲೋ ಅರ್ತ್ ಆಗಿರುತ್ತೆ. ಬಾಕ್ಸ್ ಆನ್ ಇಟ್ಟು ಆ ವೈರನ್ನ ಹಿಂದಿಂದ ತಿರುಗಿಸಿ ಬಿಚ್ಚಿ. ಚಾನೆಲ್ ಹೋಗುತ್ತೆ, ಮೆನು ಬರುತ್ತಲ್ಲ, ಮೆನುಲಿ ಪಟ್ಟೆ ಇದೆಯಾ ನೋಡಿ ಹೇಳಿ.

ಪಾಪ್‌ಕಾರ್ನ್ ಪಾಂಡು:
ಇಷ್ಟೆಲ್ಲಾ ಯಾಕೆ ಗುರು, ಪ್ರೊಜೆಕ್ಟರ್ ಪ್ಲಗ್ಗಿಗೆ ಟೂ ಪಿನ್ ಕನ್ವರ್ಟರ್ ಹಾಕು, ಅರ್ತ್ ಕಟ್ ಆದ್ರೆ ಲೂಪೂ ಕಟ್. ನಮ್ಮನೇಲಿ ಹಂಗೇ ಇದೆ.

ಹುಬ್ಳಿ ವೈರಿಂಗ್:
ಅಣ್ಣಾರ, ಆ ಕೆಲಸಾ ಮಾತ್ರ ಮಾಡಬ್ಯಾಡ್ರಿ, ಯಾರ್ ಹೇಳಿದ್ರೂ ಮಾಡಬ್ಯಾಡ್ರಿ. ಪಟ್ಟಿ ಹೋಗತೈತಿ ಖರೆ, ಆದ್ರ ಅರ್ತ್ ಇಲ್ಲಂದ್ರ ಒಳಗಿನ ಫಿಲ್ಟರ್ ಕೆಪಾಸಿಟರ್ ದೆಸಿಂದ ಬಾಡಿ ಮ್ಯಾಲ ಲೈನ್ ವೋಲ್ಟೇಜಿನ ಅರ್ಧದಷ್ಟು ಬಂದ್ ಕುಂದರತೈತಿ, ಮುಟ್ಟಿದ್ರ ಜುಮ್ ಅಂತೈತಿ. ಅದು ಸಣ್ಣ ಕರೆಂಟ್, ತಡ್ಕೋಬಹುದು ಅನ್ರಿ. ನಾಳೆ ಒಳಗ ಫೇಸ್ ಬಾಡಿಗೆ ಹತ್ತಿದ್ರ ಸೀಲಿಂಗಿನ ಕಬ್ಬಿಣದ ಸ್ಟ್ಯಾಂಡು, ಎವಿ ವೈರು, ಕೆಳಗಿನ ಆಂಪ್ಲಿಫೈಯರ್ ಎಲ್ಲಾ ಫೇಸ್ ಆಗತಾವು, ಹುಡುಗೂರು ಮುಟ್ಟೋ ಜಾಗಾ ಅದು. ಅರ್ತ್ ಇದ್ರ 30 ಮಿಲಿ ಆಂಪಿಗೇ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬೀಳೋ ಸ್ವಿಚ್) ಬಿದ್ದು ಜೀವಾ ಉಳೀತೈತಿ. ಪಾಂಡು ಅವ್ರ, ನೀವೂ ಇವತ್ತ ಆ ಕನ್ವರ್ಟರ್ ತಗೀರಿ.
ಟಾಕೀಸ್ ಅಣ್ಣಾರ, ನೀವು ಮಲ್ಟಿಮೀಟರ್ ಇದ್ದವ್ರನ್ನ ಕರದು ಎರಡೂ ಪ್ಲಗ್ಗಿನ್ಯಾಗ ನ್ಯೂಟ್ರಲ್ಲಿಗೂ ಅರ್ತಿಗೂ ಎಷ್ಟ್ ವೋಲ್ಟ್ ಬರತೈತಿ ನೋಡ್ರಿ. ಎರಡ್ಮೂರು ಬಂದ್ರ ಚಿಂತಿಲ್ಲ, ಭಾಳ ಬಂದ್ರ ಮೊದಲ ಅರ್ತಿಂಗ್ ಸರಿ ಮಾಡಸ್ರಿ.

ತುಮಕೂರ್ ಟಾಕೀಸ್:
ಸ್ವಾಮಿ ಸರ್, ವೈರ್ ಬಿಚ್ಚಿದ ತಕ್ಷಣ ಪಟ್ಟೆ ಮಾಯ, ಗುಂಯ್ ಸೌಂಡೂ ನಿಂತ್ಹೋಯ್ತು! ಹುಬ್ಳಿ ಅಣ್ಣ, ಎರಡೂ ಕಡೆ 2 ವೋಲ್ಟ್ ಒಳಗೇ ಇದೆ. ಟೂ ಪಿನ್ ಮುಟ್ಟಲ್ಲ, ಖಂಡಿತ. ಈಗ ಚಾನೆಲ್ ನೋಡೋಕೆ ಏನ್ ಮಾಡ್ಲಿ?

ಸಿಗ್ನಲ್ ಸ್ವಾಮಿ:
ಗ್ಯಾಲ್ವಾನಿಕ್ ಐಸೊಲೇಟರ್ ಅಂತ ಬೆರಳುದ್ದದ ಪೀಸ್ ಸಿಗುತ್ತೆ, ಕೇಬಲ್‌ಗೂ ಬಾಕ್ಸಿಗೂ ಮಧ್ಯೆ ತಿರುಗಿಸಿ ಹಾಕೋದು ಅಷ್ಟೇ. ಚಾನೆಲ್ ಸಿಗ್ನಲ್ ನೂರಾರು ಮೆಗಾಹರ್ಟ್ಸ್, ಅದನ್ನ ಬಿಡುತ್ತೆ, 50 ಹರ್ಟ್ಸನ್ನ ತಡೆಯುತ್ತೆ. ಲ್ಯಾಪ್‌ಟಾಪ್ ಚಾರ್ಜರ್, ಆಂಪ್ಲಿಫೈಯರ್, ಪ್ರೊಜೆಕ್ಟರ್ ಮೂರಕ್ಕೂ ಒಂದೇ ಬೋರ್ಡಿಂದ ಕರೆಂಟ್ ಸಿಗೋ ಹಾಗೆ ಮಾಡ್ಸಿ, ಆ ಪಟ್ಟೇನೂ ಪೂರ್ತಿ ಹೋಗದಿದ್ರೂ ತುಂಬಾ ಕಮ್ಮಿ ಆಗುತ್ತೆ.
ಚುಕ್ಕಿ ವಿಷಯ ಬೇರೆ. ಅದು ತಿರುಗಿಸೋ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ದು. ಒಳಗೆ ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಇದ್ದು ಸೆಕೆಂಡಿಗೆ 100 ಸಲ ಕರೆಂಟ್ ಕತ್ತರಿಸುತ್ತೆ, ಟಿವಿ ಚಿತ್ರ 50 ಅಲ್ವಾ, ಅದಕ್ಕೇ ಚುಕ್ಕಿ ಎರಡು ಸಾಲಾಗಿ ಬರೋದು, ನೋಡಿ ಬೇಕಿದ್ರೆ. ಕೆಪಾಸಿಟರ್ ಇರೋ ಸ್ಟೆಪ್ ರೆಗ್ಯುಲೇಟರ್ ಹಾಕ್ಸಿ. ಗೋಡೆ ಒಳಗೆ ಎವಿ ವೈರೂ ಕರೆಂಟ್ ವೈರೂ ಒಂದೇ ಪೈಪಲ್ಲಿದ್ರೆ ಬೇರೆ ಮಾಡ್ಸಿ.

ಡಿಶ್ ದಾಸ:
ನಮ್ದೂ ಇದೇ ಪಟ್ಟೆ, ಆದ್ರೆ ಡಿಶ್ಶು. ಆ ಐಸೊಲೇಟರ್ ನಾವೂ ಹಾಕ್ಬಹುದಾ?

ಸಿಗ್ನಲ್ ಸ್ವಾಮಿ:
ಬೇಡ. ಡಿಶ್ ಮೇಲೆ ಸಿಗ್ನಲ್ ಹಿಡಿಯೋ ಪೀಸ್ ಇರುತ್ತಲ್ಲ, ಆ ಎಲ್‌ಎನ್‌ಬಿಗೆ ಬಾಕ್ಸಿಂದ 13 ಇಲ್ಲಾ 18 ವೋಲ್ಟ್ ಡಿಸಿ ಹೋಗೋದೇ ಆ ವೈರಲ್ಲಿ, ಮಧ್ಯೆ ಐಸೊಲೇಟರ್ ಹಾಕಿದ್ರೆ ನೋ ಸಿಗ್ನಲ್ ಅಂತ ಬರುತ್ತೆ. ನಿಮ್ಮ ಪ್ರೊಜೆಕ್ಟರಲ್ಲಿ ಎಚ್‌ಡಿಎಂಐ ಇದೆಯಾ? ಇದ್ರೆ ಅದಕ್ಕೆ ಹೋಗಿ, ಡಿಜಿಟಲ್ ಆದ್ರಿಂದ ಈ ಥರ ಪಟ್ಟೆ ಬರಲ್ಲ. ದೂರ ಜಾಸ್ತಿ ಇದ್ರೆ ಆಪ್ಟಿಕಲ್ ಎಚ್‌ಡಿಎಂಐ ತಗೊಳ್ಳಿ, ಅದಕ್ಕೆ ದಿಕ್ಕಿದೆ, ಸೋರ್ಸ್ ಅಂತ ಬರೆದಿರೋ ತುದಿ ಬಾಕ್ಸ್ ಕಡೆಗೇ ಬರ್ಬೇಕು, ಪೈಪೊಳಗೆ ಎಳೆಯೋಕೆ ಮುಂಚೆ ನೋಡ್ಕೊಳ್ಳಿ.