‘ಅವಿಭಾಜ್ಯ’ ಮತ್ತು ‘ಅವಿಭಕ್ತ’: ಸಂಖ್ಯೆಗೆ ಯಾವುದು, ಜಿಲ್ಲೆಗೆ ಯಾವುದು?

ಮಾನ್ಯರೇ,

ನಾನು ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಕಳೆದ ವಾರ ಹಲಗೆಯ ಮೇಲೆ 2147483647 ಎಂದು ಬರೆದು, ಇದು ಅವಿಭಾಜ್ಯ ಸಂಖ್ಯೆ ಎಂದೆ. ಮಕ್ಕಳು ನಂಬಲಿಲ್ಲ. 3ರಿಂದ ಭಾಗಿಸಿದರು, ಶೇಷ 1, 7ರಿಂದ, ಮತ್ತೆ 1, 11ರಿಂದಲೂ 1. ಅಷ್ಟರಲ್ಲಿ ಹುಡುಗಿಯೊಬ್ಬಳು ಊರಿನ ಸಮಾರಂಭದ ಆಹ್ವಾನ ಪತ್ರಿಕೆಯನ್ನು ಚೀಲದಿಂದ ತೆಗೆದು, ಅದರಲ್ಲಿ ಅಚ್ಚಾಗಿದ್ದ ‘ಅವಿಭಾಜ್ಯ ಕೋಲಾರ ಜಿಲ್ಲೆ’ಯ ಮೇಲೆ ಬೆರಳಿಟ್ಟು, “ಭಾಗ ಮಾಡೋಕೇ ಆಗಲ್ಲ ಅಂದ್ರೆ 2007ರಲ್ಲಿ ನಮ್ಮ ಜಿಲ್ಲೆ ಹೆಂಗೆ ಬೇರೆ ಆಯ್ತು ಸಾರ್?” ಎಂದು ಕೇಳಿದಳು.

ತಪ್ಪು ಆಹ್ವಾನ ಪತ್ರಿಕೆಯದೆಂದೇ ನನ್ನ ಅಭಿಪ್ರಾಯ. ‘ವಿಭಕ್ತ’ವು ಭೂತಕೃದಂತ, ಆದ್ದರಿಂದ ‘ಅವಿಭಕ್ತ’ವೆಂದರೆ ಇನ್ನೂ ಭಾಗವಾಗಿಲ್ಲದ್ದು, ‘ವಿಭಾಜ್ಯ’ದಲ್ಲಿರುವುದು ಸಾಧ್ಯತೆಯನ್ನು ಹೇಳುವ ಕೃತ್ಯ ಪ್ರತ್ಯಯ, ಹಾಗಾಗಿ ‘ಅವಿಭಾಜ್ಯ’ವೆಂದರೆ ಭಾಗವಾಗಲಾರದ್ದು. ನಮ್ಮ ತಾತನವರ ಕಾಲದ ಪಾಲುಪಾರಿಖತ್ತಿನಲ್ಲಿ ಅಣ್ಣತಮ್ಮಂದಿರನ್ನು ‘ಈವರೆಗೆ ಅವಿಭಕ್ತರು’ ಎಂದೇ ಬರೆದಿದೆ. ಬರೆದ ಶಾನುಭೋಗರಿಗೆ ವ್ಯಾಕರಣ ಚೆನ್ನಾಗಿ ಗೊತ್ತಿದ್ದಿರಬೇಕು.

ಗಣಿತದಲ್ಲಿ ಈ ಭೇದ ಬಹಳ ಮುಖ್ಯ. ಮೇಲಿನ ಸಂಖ್ಯೆ 2ರ 31ನೇ ಘಾತಕ್ಕಿಂತ ಒಂದು ಕಡಿಮೆ. ಅದಕ್ಕೆ ಅವಿಭಾಜ್ಯ ಅಪವರ್ತನವೇನಾದರೂ ಇದ್ದರೆ ಅದು 62ರ ಅಪವರ್ತ್ಯಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕು; ಆದ್ದರಿಂದ ನನ್ನ ಮಕ್ಕಳು 3, 7, 11ರಿಂದ ಭಾಗಿಸಿದ್ದು ವ್ಯರ್ಥ ಶ್ರಮ, ಮೊದಲು ಪರೀಕ್ಷಿಸಬೇಕಾದದ್ದು 311ರಿಂದ. ವರ್ಗಮೂಲ 46340ರ ಆಸುಪಾಸಿನದಾದ್ದರಿಂದ ಅದರಾಚೆಗೆ ಹುಡುಕಬೇಕಾಗಿಲ್ಲ. ಅಂಥ ಅಪವರ್ತನ ಯಾವುದೂ ಇಲ್ಲವೆಂದು ಗಣಿತಜ್ಞ ಆಯ್ಲರ್ 1772ರಲ್ಲಿ ಸಾಧಿಸಿ ತೋರಿಸಿದ ಮೇಲೆಯೇ ಈ ಸಂಖ್ಯೆಯನ್ನು ನಿಶ್ಚಯವಾಗಿ ‘ಅವಿಭಾಜ್ಯ’ವೆನ್ನುವಂತಾಯಿತು.

ಇದಕ್ಕಿಂತ ಸ್ವಾರಸ್ಯದ ಉದಾಹರಣೆ 2ರ 67ನೇ ಘಾತದಿಂದ 1 ಕಳೆದಾಗ ಬರುವ 147573952589676412927. ಫ್ರೆಂಚ್ ವಿದ್ವಾಂಸ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಲ್ಯೂಕಾಸ್ ಇದು ಸಂಯುಕ್ತ ಸಂಖ್ಯೆ, ಅಂದರೆ ಅವಿಭಾಜ್ಯವಲ್ಲವೆಂದು ಸಾಧಿಸಿದನಾದರೂ ಒಂದು ಅಪವರ್ತನವನ್ನೂ ಹೇಳಲಿಲ್ಲ; ಅವನ ವಿಧಾನಕ್ಕೆ ಅದರ ಅಗತ್ಯವೇ ಇರಲಿಲ್ಲ. ಅಪವರ್ತನಗಳು 193707721 ಮತ್ತು 761838257287 ಎಂದು ಕೋಲ್ ತೋರಿಸಿದ್ದು 1903ರಲ್ಲಿ. ನಡುವಣ 27 ವರ್ಷ ಈ ಸಂಖ್ಯೆ ವಿಭಾಜ್ಯವೆಂದು ಗೊತ್ತಿದ್ದೂ ಅವಿಭಕ್ತವಾಗಿಯೇ ಉಳಿದಿತ್ತು. ಪಾಲಾಗುವುದು ಖಚಿತವಾಗಿ, ಹದ್ದುಬಸ್ತು ಮಾತ್ರ ಆಗದ ಜಮೀನಿನ ಹಾಗೆ.

ಈ ಸ್ಥಿತಿಯನ್ನು ಹೇಳಲು ನನಗೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ. ‘ಅವಿಭಕ್ತ ಸಂಯುಕ್ತ ಸಂಖ್ಯೆ’ ಎಂದರೆ ಸಾಲದೇ, ಅಥವಾ ಕೂಡು ಕುಟುಂಬದ ನೆನಪು ಅಡ್ಡ ಬರುತ್ತದೆಯೇ? ‘ಅವಿಭಜಿತ’ ಎನ್ನಬಹುದು, ಪತ್ರಿಕೆಗಳು ಜಿಲ್ಲೆಗೆ ಅದನ್ನೂ ಬಳಸುತ್ತವೆ. ಆದರೆ ‘ವಿಭಕ್ತ’ವೆಂಬ ಸಿದ್ಧರೂಪವಿರುವಾಗ ‘ವಿಭಜಿತ’ವನ್ನು ಒಪ್ಪಲು ನನಗೆ ಮನಸ್ಸಾಗದು. ಪಠ್ಯಪುಸ್ತಕದಲ್ಲಿ ಭಾಗಿಸಲ್ಪಡುವ ಯಾವ ಸಂಖ್ಯೆಗೂ ‘ಭಾಜ್ಯ’ವೆಂಬ ಹೆಸರಿದ್ದು, 7ನ್ನು 2ರಿಂದ ಭಾಗಿಸುವಾಗ ಅವಿಭಾಜ್ಯವಾದ 7 ಕೂಡ ‘ಭಾಜ್ಯ’ವೇ ಆಗುವ ತೊಡಕು ಬೇರೆ ಇದೆ. ಹಳೆಯ ಗಣಿತ ಪುಸ್ತಕಗಳಲ್ಲಾಗಲಿ ದಸ್ತಾವೇಜುಗಳಲ್ಲಾಗಲಿ ಈ ಎರಡು ಪದಗಳನ್ನು ಬೇರ್ಪಡಿಸಿ ಬಳಸಿರುವುದನ್ನು ಕಂಡವರು ದಯವಿಟ್ಟು ತಿಳಿಸಬೇಕು. ಆ ಹುಡುಗಿಗೆ ಸೋಮವಾರ ಉತ್ತರ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.