ಸಹಾಯ ಬೇಕು: ಹಿಂದಿನ ಶಾಕಪ್ ಅಡ್ಜಸ್ಟ್ ಮಾಡಲೋ, ಬದಲಿಸಲೋ?

ಅಣ್ಣಾರೇ, ನನ್ನದು 125 ಸಿಸಿ ಬೈಕು, ಎಂಟು ವರ್ಷ ಹಳೆಯದು. ವಾರಕ್ಕೆ ಮೂರು ಸಲ ವಿಜಯಪುರದಿಂದ ಕೊಲ್ಹಾರಕ್ಕೆ ಹೋಗಿಬರುತ್ತೇನೆ. ತಗ್ಗು ಬಂದರೆ ಏಟು ನೇರ ಸೊಂಟಕ್ಕೆ. ಹಿಂದೆ ಅವ್ವ ಕೂತರಂತೂ ಶಾಕಪ್ ತಳ ಮುಟ್ಟಿ ಟಕ್ ಅನ್ನುತ್ತದೆ.

ಪ್ರೀಲೋಡ್ (ಸ್ಪ್ರಿಂಗ್ ಎಷ್ಟು ಬಿಗಿ ಅನ್ನುವ ಸೆಟ್ಟಿಂಗ್) ಎರಡನೇ ಮೆಟ್ಟಿಲಲ್ಲಿತ್ತು, ನಾಲ್ಕಕ್ಕೆ ತಿರುಗಿಸಿದೆ. ಟಕ್ ನಿಂತಿತು. ಆದರೆ ಒಬ್ಬನೇ ಹೋದಾಗ ಕಲ್ಲಿನ ಮೇಲೆ ಕೂತ ಹಾಗೆ! ನಿನ್ನೆ ನೋಡಿದರೆ ಎಡಗಡೆ ರಾಡ್ ಮೇಲೆ ಎಣ್ಣೆ ಜಿಡ್ಡು. ಒಳಗಿನ ಎಣ್ಣೆ ತಡೆಯುವ ಸೀಲ್ ಹೋಗಿದೆ ಅಲ್ವಾ? ಹಾಗಿದ್ದರೆ ಎಷ್ಟು ತಿರುಗಿಸಿದರೂ ಸುಮ್ನೆ, ಬೈಕು ಕುಣಿಯುವುದು ನಿಲ್ಲುವುದಿಲ್ಲ.

ಮೆಕ್ಯಾನಿಕ್ ಒಂದೇ ಬದಲಿಸಿದರೆ ಸಾಕು ಅನ್ನುತ್ತಾನೆ. ನನಗೆ ಒಪ್ಪಿಗೆಯಿಲ್ಲ, ಜೋಡಿಯೇ ಹಾಕಬೇಕು. ಗ್ಯಾಸ್ ಶಾಕಪ್ (ಎಣ್ಣೆ ಜೊತೆ ಗ್ಯಾಸೂ ತುಂಬಿರುವುದು) ಹಾಕಿಸಿದವರು ಇದ್ದೀರಾ? ಉದ್ದ ಮಾತ್ರ ಹಳೆಯದರಷ್ಟೇ ಇರಬೇಕು. ಸೀಟು ಎತ್ತರ ಆದರೆ ಅವ್ವನಿಗೆ ಹತ್ತಲು ಕಷ್ಟ. ವಿಜಯಪುರದಲ್ಲೇ ಒಳ್ಳೆ ಅಂಗಡಿ ಇದ್ದರೆ ಹೇಳಿ.